ಶುಕ್ರವಾರದ ಹೂದಾನಿ

ಗಂಡಸರಿಗೆ ಮನೆಯಲ್ಲಿ ಒಂದು ಮೊಳ ಖಾಲಿ ಜಾಗ ಕಂಡರೆ ಸಾಕು, ಅಲ್ಲೊಂದು ಕಪಾಟು ಇಡಬೇಕು ಅನಿಸುತ್ತದೆ. ನಮ್ಮ ಮನೆಯವರು ಶಿವಪುತ್ರಪ್ಪನವರೂ ಇದಕ್ಕೆ ಹೊರತಲ್ಲ. ಅವರು ಕೆಲಸ ಮಾಡುತ್ತಿದ್ದ ಬಟ್ಟೆ ಪೇಟೆಯ ಆಫೀಸಿನಲ್ಲಿ ಒಂದು ಹಳೆಯ ಕಬ್ಬಿಣದ ಕಪಾಟು ಇತ್ತಂತೆ. ಆಳೆತ್ತರದ್ದು, ಆನೆ ಭಾರದ್ದು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುವಂಥದ್ದು. ಶೇಠಜಿ ಅದನ್ನು ಯಾರಾದರೂ ಹೊತ್ತುಕೊಂಡು ಹೋದರೆ ಪುಣ್ಯ ಅಂದಿದ್ದೇ ತಡ, ಇವರು ನಮ್ಮ ಮನೆಯ ಕಿಟಕಿ ಮೂಲೆಯನ್ನು ಮನಸ್ಸಿನಲ್ಲೇ ಅಳತೆ ಮಾಡಿಬಿಟ್ಟರು.

ಆ ಮೂಲೆ ನನ್ನದು. ಮೂಲೆ ಅಂದರೆ ಅರಮನೆಯ ಮೂಲೆಯೇನಲ್ಲ. ಮಾಟುಂಗದ ಆ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ನಮ್ಮದು ಎರಡೇ ಕೋಣೆ. ನಮ್ಮೂರು ಬಿಜಾಪುರ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ ಅದು. ಮದುವೆಯಾಗಿ ಬಂದಾಗ ನನ್ನ ತವರಿನ ದನದ ಕೊಟ್ಟಿಗೆ ಇದಕ್ಕಿಂತ ಅಗಲ ಇತ್ತಲ್ಲ ಎಂದು ನಾನು ಬಾಯಿಬಿಟ್ಟು ಹೇಳಿ, ಗಂಡನ ಮುಖ ಒಂದು ವಾರ ಗಂಟಿಕ್ಕಿಕೊಂಡಿತ್ತು. ಒಳಕೋಣೆ ಅತ್ತೆ ಅಂಬವ್ವನವರದು ಮತ್ತು ಅವರ ದೇವರದು. ಹೊರಕೋಣೆ ಇವರ ಆರಾಮ ಕುರ್ಚಿಯದು, ಇವರ ಪೇಪರಿನದು, ಇವರನ್ನು ನೋಡಲು ಬರುವ ಬಂಧುಬಳಗದ್ದು. ಒಲೆಯ ಮುಂದಿನ ಜಾಗ ನನ್ನದು ಅನ್ನುತ್ತಾರೆ, ಅದನ್ನು ನಾನು ಕೇಳಿ ಪಡೆದದ್ದಲ್ಲ. ಕಿಟಕಿ ಮೂಲೆ ಮಾತ್ರ ನಾನಾಗಿಯೇ ಹಿಡಿದದ್ದು. ಅಲ್ಲೊಂದು ಸಣ್ಣ ಟೀಪಾಯಿ, ಅದರ ಮೇಲೆ ಗಾಜಿನ ಹೂದಾನಿ, ಅದರಲ್ಲಿ ಹೂವು. ಬೆಳಿಗ್ಗೆ ನಲ್ಲಿ ನೀರು ಹಿಡಿದ ಮೇಲೆ ಸ್ವಲ್ಪ ಹೊತ್ತು ನಾನು ಅಲ್ಲಿ ನಿಂತು ಹೂವಿನ ನೀರು ಬದಲಿಸುತ್ತಿದ್ದೆ. ಆ ಹೊತ್ತಿನಲ್ಲಿ ನನ್ನನ್ನು ಯಾರೂ ಚಹಾ ಕೇಳುವಂತಿರಲಿಲ್ಲ. ಕೇಳಿದರೆ ಕೊಡುತ್ತಲೂ ಇರಲಿಲ್ಲ.

ಈ ಹುಚ್ಚು ಹಿಡಿಸಿದವರು ಬಾಂದ್ರಾದ ಮೋಹಿನಿಬಾಯಿ. ಮಂಗಳೂರಿನ ಕಡೆಯವರು, ತಿಳಿ ಬಣ್ಣದ ಸೀರೆ, ಕೈಗೆ ಗಡಿಯಾರ, ಹಣೆ ಖಾಲಿ. ಬಾಂದ್ರಾದ ಫ್ಯಾಶನ್ ಎಂದು ನಾವೆಲ್ಲ ಮಾತಾಡಿಕೊಂಡೆವು. ನಮ್ಮ ಮಹಿಳಾ ಮಂಡಳದಲ್ಲಿ ಒಂದು ಮಧ್ಯಾಹ್ನ ಅವರು ಹೂವು ಜೋಡಿಸುವುದನ್ನು ತೋರಿಸಿಕೊಟ್ಟರು. ಉದ್ದುದ್ದ ಕಾಂಡದ ಗುಲಾಬಿ ತಂದಿದ್ದರು. ನಮಗೆ ಹೂವು ಅಂದರೆ ತೊಟ್ಟಿನ ತನಕ, ಅದರ ಕೆಳಗಿನದೆಲ್ಲ ಕಸ. ಆಕೆ ಕಸವನ್ನೇ ಇಟ್ಟುಕೊಂಡು ಅಷ್ಟು ಪ್ರೀತಿಯಿಂದ ಮಾತಾಡುವುದು ನೋಡಿ ಹಿಂದಿನ ಸಾಲಿನವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ನಗಲಿಲ್ಲ. ಕಾಂಡವನ್ನು ಓರೆಯಾಗಿ ಕೊಯ್ಯಬೇಕು, ಅದೂ ನೀರೊಳಗೆ ಹಿಡಿದು. ನೀರಿಗೆ ಮುಳುಗುವ ಎಲೆಗಳನ್ನು ಕಿತ್ತುಹಾಕಬೇಕು, ಇಲ್ಲವಾದರೆ ಕೊಳೆಯುತ್ತವೆ. ದಿನಾ ನೀರು ಬದಲಿಸಬೇಕು. ಬಾಳೆಹಣ್ಣಿನ ಹತ್ತಿರ ಇಟ್ಟರೆ ಹೂವಿಗೆ ಬೇಗ ಮುಪ್ಪು ಬರುತ್ತದೆ. ಇಷ್ಟನ್ನು ಕೇಳಿಕೊಂಡು ಮನೆಗೆ ಬಂದವಳೇ ಮಾಡಿ ನೋಡಿದೆ. ಹಾರದಲ್ಲಿ ಸಂಜೆಗೆ ಬಾಡುವ ಗುಲಾಬಿ ನನ್ನ ಕಿಟಕಿಯಲ್ಲಿ ನಾಲ್ಕೈದು ದಿನ ಕತ್ತೆತ್ತಿ ನಿಂತಿತು. ನನಗೆ ಆದ ಸಂತೋಷವನ್ನು ಹೇಳಲಾರೆ.

ಅತ್ತೆಗೆ ಇದು ಸೇರಲಿಲ್ಲ. ಅಂಬವ್ವನವರು ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾಗಿದ್ದವು. ಮೈಯಲ್ಲಿ ಬಿಳಿ ಸೀರೆ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಪದ್ಧತಿ. ನಲ್ಲಿ ನೀರು ಬರುವುದೇ ಬೆಳಗಿನ ಎರಡು ತಾಸು, ಅದರಲ್ಲಿ ಹೂವಿಗೂ ಸ್ನಾನವೇ ಎಂದು ಗೊಣಗುತ್ತಿದ್ದರು. ನನ್ನ ಬಾಯಿ ಸ್ವಲ್ಪ ಜೋರು ಎಂದು ಬಿಲ್ಡಿಂಗಿನವರು ಹೇಳುತ್ತಾರೆ. ಸುಳ್ಳು, ಬಹಳ ಜೋರು. ಆದರೆ ಅತ್ತೆಯ ಮುಂದೆ ಅದು ಯಾಕೋ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಶ್ರಾವಣ ಬಂತು. ಮಂಡಳದವರು ಹೂವಿನ ಅಲಂಕಾರದ ಸ್ಪರ್ಧೆ ಸಾರಿದರು. ಶುಕ್ರವಾರ ಮಧ್ಯಾಹ್ನ ಮೋಹಿನಿಬಾಯಿ ಮನೆಮನೆಗೆ ಬಂದು ನೋಡುತ್ತಾರೆ, ಸಂಜೆ ಎಲ್ಲರೂ ತಮ್ಮ ಹೂದಾನಿಯನ್ನು ಮಂಡಳಕ್ಕೆ ಒಯ್ದಿಡಬೇಕು, ಅಲ್ಲಿ ಬಹುಮಾನ. ಸ್ಪರ್ಧೆ ಸಾರಿದ ದಿನವೇ ಶೇಠಜಿ ಕಪಾಟಿನ ಮಾತು ಎತ್ತಿದ್ದರಿಂದ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಯುದ್ಧವಾಯಿತು. ಮೂಲೆಗೆ ಕಪಾಟು ಬಂದರೆ ಕಿಟಕಿಯ ಅರ್ಧ ಮುಚ್ಚುತ್ತದೆ ಎಂದೆ. ಉಳಿದರ್ಧ ತೆರೆದಿರುತ್ತದಲ್ಲ ಎಂದರು. ಹೂವು ಎಲ್ಲಿಡಲಿ ಎಂದೆ. ಕಪಾಟಿನ ತಲೆಯ ಮೇಲೆ ಎಂದರು. ಅಲ್ಲಿಗೆ ನನ್ನ ಕೈ ಮುಟ್ಟುವುದಿಲ್ಲ, ನಾನೇನು ಒಂಟೆಯೇ ಎಂದು ಕೇಳಿದೆ. ಕೊನೆಗೆ ಅವರು ತಾಟಿನಲ್ಲೇ ಕೈ ತೊಳೆದುಕೊಂಡು ತೀರ್ಪು ಕೊಟ್ಟರು.

"ಬಹುಮಾನ ತಂದಿ ಅಂದ್ರ ಮೂಲಿ ನಿಂದು, ಕಪಾಟಿನ ಹೆಸರು ಎತ್ತೂದಿಲ್ಲ. ತರಲಿಲ್ಲ ಅಂದ್ರ ಶುಕ್ರವಾರ ಸಂಜೀಕ ಹಮಾಲರು ಬರ್ತಾರ. ಆಮ್ಯಾಲೆ ಮಾರಿ ಸಣ್ಣದು ಮಾಡಬಾರ್ದು."

ಒಪ್ಪಿಕೊಂಡೆ. ನನಗೆ ಸೋಲುತ್ತೇನೆ ಎಂಬ ಅನುಮಾನವೇ ಇರಲಿಲ್ಲ. ನಮ್ಮ ಬಿಲ್ಡಿಂಗಿನವರ ಹೂದಾನಿಗಳನ್ನು ನಾನು ಕಂಡಿದ್ದೆ. ಎದುರು ಮನೆಯ ರಾಜೀವಿ, ಉಡುಪಿಯವಳು, ಗಂಡನದು ಹೋಟೆಲು, ಹೂವನ್ನು ನೀರಿಗೆ ಹಾಕಿದ ಮೇಲೆ ಆ ನೀರನ್ನು ಮರೆತೇಬಿಡುತ್ತಿದ್ದಳು. ಕೆಳಗಿನ ಮಹಡಿಯ ಧಾರವಾಡದ ಚನ್ನವ್ವ ಕಾಂಡಗಳನ್ನು ಸೌದೆ ಮುರಿದ ಹಾಗೆ ಮುರಿಯುತ್ತಿದ್ದಳು. ಇವರನ್ನೆಲ್ಲ ಗೆಲ್ಲಲು ನನಗೆ ಒಂದೇ ಕೈ ಸಾಕಿತ್ತು.

ಗುರುವಾರ ಮಾರ್ಕೆಟ್ಟಿಗೆ ಹೋಗಿ ಮನೆಯ ಖರ್ಚಿನಲ್ಲಿ ಉಳಿಸಿದ್ದನ್ನೆಲ್ಲ ಹೂವಿಗೆ ಸುರಿದೆ. ಮರಾಠಿಯವರು ನಿಶಿಗಂಧ ಅನ್ನುವ ಸುಗಂಧರಾಜದ ಕಡ್ಡಿಗಳು, ನೇರಳೆ ಆಸ್ಟರ್, ಕಡುಗೆಂಪು ಗುಲಾಬಿ, ಬೆನ್ನಿಗೆ ಹಚ್ಚಲು ಒಂದಿಷ್ಟು ಜರಿಗಿಡದ ಎಲೆ. ದೇವರಿಗೆ ಒಂದು ಮೋಟು ಮಲ್ಲಿಗೆ ದಂಡೆ. ಮನೆಗೆ ಬಂದು ಹೂವನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಬಕೆಟ್ಟಿನಲ್ಲಿ ಕುತ್ತಿಗೆ ಮಟ್ಟ ನೀರು ಹಾಕಿ ಇಟ್ಟೆ. ಆ ಪೇಪರು ಇವರು ಇನ್ನೂ ಓದಿರದ ಪೇಪರು ಎಂದು ಆಮೇಲೆ ಗೊತ್ತಾಯಿತು. ಗೊತ್ತಾಗಿ ಒಳಗೊಳಗೇ ಸಂತೋಷವೂ ಆಯಿತು.

ಶುಕ್ರವಾರ ಇವರು ಆಫೀಸಿಗೆ ಹೋದದ್ದೇ ನಾನು ಕತ್ತರಿ ಹಿಡಿದು ಕೂತೆ. ಸುಗಂಧರಾಜ ಹಿಂದೆ ಎತ್ತರಕ್ಕೆ, ಆಸ್ಟರ್ ಮಧ್ಯೆ ದಟ್ಟವಾಗಿ, ಗುಲಾಬಿಗಳು ಮುಂದೆ ಒಂದು ಓರೆ ಸಾಲಿನಲ್ಲಿ ಇಳಿದು ಬರುವ ಹಾಗೆ. ಮಳೆ ಬಿಟ್ಟು ಒಂದು ತುಂಡು ಬಿಸಿಲು ಕಿಟಕಿಯಿಂದ ಬಂದು ಅದರ ಮೇಲೆ ಬಿತ್ತು. ನನ್ನ ಕೈಯಿಂದಲೇ ಆದದ್ದು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಗಳಿಗೆ ಕಪಾಟಿನ ಮೇಲೂ ಕರುಣೆ ಬಂತು.

ಚನ್ನವ್ವ ಬಂದದ್ದು ಆಗಲೇ. ಸಾಸಿವೆ ಬೇಕಿತ್ತಂತೆ. ಸಾಸಿವೆ ಬೇಕಾದವಳು ಅಡುಗೆಯ ಕಡೆ ನೋಡಬೇಕೋ ಬೇಡವೋ, ಅವಳ ಕಣ್ಣು ಹೂದಾನಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅಳೆಯುತ್ತಿತ್ತು. ಸಾಸಿವೆ ಕೊಟ್ಟು ಸಾಗಹಾಕುವಷ್ಟರಲ್ಲಿ ಒಳಕೋಣೆಯಿಂದ ಅತ್ತೆಯ ಧ್ವನಿ ಬಂತು.

"ಶರಣವ್ವಾ, ಶ್ರಾವಣ ಶುಕ್ರವಾರ ಐತಿ. ಮುತ್ತೈದಿ ಬರೇ ತಲೀಲೆ ಹೋಗಬಾರ್ದು ನೋಡು."

ಅದು ನಿಜವೇ. ಬಿಜಾಪುರವಿರಲಿ, ಧಾರವಾಡವಿರಲಿ, ಉಡುಪಿಯಿರಲಿ, ಗಂಡನುಳ್ಳ ಹೆಂಗಸು ಮನೆಗೆ ಬಂದರೆ ಕುಂಕುಮ ಹಚ್ಚಿ ಹೂವು ಕೊಟ್ಟೇ ಕಳಿಸಬೇಕು. ಶ್ರಾವಣ ಶುಕ್ರವಾರ ಕೊಡದಿದ್ದರೆ ಬಂದವಳು ಅದನ್ನು ಸಾಯುವ ತನಕ ನೆನಪಿಟ್ಟುಕೊಳ್ಳುತ್ತಾಳೆ. ದೇವರ ಮೇಲಿನ ಮೋಟು ದಂಡೆಯನ್ನು ತೆಗೆದು ಚನ್ನವ್ವನಿಗೆ ಕೊಟ್ಟೆ. ಮನೆಯಲ್ಲಿದ್ದ ಮಲ್ಲಿಗೆ ಅಲ್ಲಿಗೆ ಮುಗಿಯಿತು.

ಮುಗಿಯದಿದ್ದದ್ದು ಜನ. ಶರಣವ್ವನ ಹೂದಾನಿ ಹೇಗಿದೆ ಎಂದು ಚನ್ನವ್ವ ಮೆಟ್ಟಿಲಿನಲ್ಲೇ ಭಾಷಣ ಮಾಡಿರಬೇಕು. ಹಿಂದೆಯೇ ಎದುರು ಮನೆಯ ರಾಜೀವಿ ಬಂದಳು. ಅವಳಿಗೆ ಸಾಸಿವೆಯ ನೆಪವೂ ಬೇಡ. ಬಾಗಿಲಲ್ಲೇ ನಿಂತು ಗಲ್ಲಕ್ಕೆ ಕೈ ಕೊಟ್ಟಳು.

"ಎಂತ ಮಾರಾಯ್ತಿ, ಇಷ್ಟು ಚಂದ ಮಾಡಿ ಇಟ್ಟಿದ್ದೀರಿ. ನಮ್ಮದು ಇದರ ಎದುರು ಹೋಟೆಲಿನ ಟೇಬಲಿನ ಹಾಗೆ ಉಂಟು."

ಇಂಥ ಹೊಗಳಿಕೆಗೆ ನಾನು ಕರಗುವವಳೇ. ಕರಗಿದೆ. ಕೂಡಿಸಿ ಚಹಾ ಕೊಟ್ಟೆ. ಹೊರಡುವಾಗ ಕುಂಕುಮ ಹಚ್ಚಿದೆ, ಹೂವಿಗೆ ಕೈ ನೀಡಿದರೆ ಹೂವಿಲ್ಲ. ಅತ್ತೆ ಹೊಸ್ತಿಲಲ್ಲಿ ಬಂದು ಕೂತಿದ್ದರು. ಹೂದಾನಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ರಾಜೀವಿಯೂ ಹೂದಾನಿಯ ಕಡೆ ನೋಡಿದಳು. ಮೂರು ಜೋಡಿ ಕಣ್ಣು ಅಲ್ಲಿಗೇ ಹೋದ ಮೇಲೆ ನಾನೇನು ಮಾಡಲಿ. ಹೂದಾನಿಯ ಹಿಂಬದಿಯಿಂದ, ತೂತು ಕಾಣದ ಹಾಗೆ, ಒಂದು ಆಸ್ಟರ್ ಎಳೆದು ಕೊಟ್ಟೆ. ಅವಳು ಅದನ್ನು ಮುಡಿಯದೆ ಕಾಂಡದ ಸಮೇತ ಜೋಪಾನವಾಗಿ ಹಿಡಿದುಕೊಂಡು ಹೋದಳು. ಯಾವ ತಲೆಗೆ ಹೋಯಿತು, ಯಾವ ಹೂದಾನಿಗೆ ಹೋಯಿತು ಎಂಬುದನ್ನು ಯೋಚಿಸುತ್ತ ಕೂತರೆ ಹೊಟ್ಟೆಯುರಿ.

ಆಮೇಲೆ ಬಾಗಿಲು ಮುಚ್ಚಲೇ ಇಲ್ಲ. ನೆಲಮಹಡಿಯ ಗುಜರಾತಿ ಬೆನ್ ಬಂದಳು, ಎರಡನೆಯ ಮಹಡಿಯ ಅತ್ತೆ ಸೊಸೆ ಜೋಡಿಯಾಗಿ ಬಂದರು, ಮೂರು ವರ್ಷದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದ ಒಬ್ಬಳು ಬಂದು ಮಾತು ಶುರು ಮಾಡಿಕೊಂಡಳು. ಎಲ್ಲರೂ ನೋಡಲು ಬಂದವರು, ನೋಡಿ ಸಂಕಟಪಟ್ಟವರು, ಸಂಕಟಕ್ಕೆ ಸಮಾಧಾನವಾಗಿ ಹೂವು ಒಯ್ದವರು. ಪ್ರತಿಯೊಬ್ಬಳು ಹೋದ ಮೇಲೂ ನಾನು ಉಳಿದದ್ದನ್ನು ಅತ್ತ ಸರಿಸಿ ಇತ್ತ ಸರಿಸಿ ತೂತು ಮುಚ್ಚುತ್ತಿದ್ದೆ. ಹರಿದ ಕಂಬಳಿಯನ್ನು ಎಷ್ಟು ಎಳೆದರೂ ಒಂದು ಕಾಲು ಹೊರಗೇ ಇರುತ್ತದಲ್ಲ, ಹಾಗಾಗಿತ್ತು ನನ್ನ ಕತೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಹೂದಾನಿಯನ್ನು ಎತ್ತಿ ಬಚ್ಚಲಲ್ಲಿ ಇಟ್ಟುಬಿಟ್ಟೆ. ಬಚ್ಚಲಿಗೆ ಹೋಗಿ ಬಂದ ಹೂವನ್ನು ಅತ್ತೆ ಯಾರಿಗೂ ಕೊಡಗೊಡುವುದಿಲ್ಲ, ಮೈಲಿಗೆ. ನನ್ನ ಬುದ್ಧಿಗೆ ನಾನೇ ಬೆರಗಾಗಿ, ಸೆರಗು ಸರಿಮಾಡಿಕೊಂಡು ಮಲ್ಲಿಗೆ ತರಲು ಕೆಳಗೆ ಓಡಿದೆ. ಬರುವವರಿಗೆ ಒಂದೊಂದು ಗೇಣು ಹರಿದು ಕೊಟ್ಟರೆ ಆಯಿತು ಎಂಬುದು ಲೆಕ್ಕ. ದೇವಸ್ಥಾನದ ಮುಂದಿನ ಹೂವಿನವನ ಬುಟ್ಟಿಯಲ್ಲಿ ಬರೀ ಒದ್ದೆ ಬಾಳೆಎಲೆ ಇತ್ತು. ಸ್ಟೇಶನ್ನಿನ ಹತ್ತಿರದವನು ಬುಟ್ಟಿ ಮಗುಚಿಟ್ಟು ಬೀಡಿ ಸೇದುತ್ತಿದ್ದ. ಶ್ರಾವಣದ ಶುಕ್ರವಾರ ಈ ಹೊತ್ತಿಗೆ ಮಾಟುಂಗದಲ್ಲಿ ಹೂವು ಕೇಳುವವಳು ಎಂಥ ಸಂಸಾರದವಳು ಎಂಬಂತೆ ನನ್ನನ್ನು ನೋಡಿದ. ಅವನಿಗೂ ಎರಡು ಮಾತು ಅಂದು ವಾಪಸು ಬಂದೆ.

ಮೆಟ್ಟಿಲು ಹತ್ತುತ್ತಿದ್ದರೆ ಎದುರಿಗೆ ನನ್ನ ಹೂದಾನಿಯೇ ಇಳಿದು ಬರುತ್ತಿತ್ತು. ಒಬ್ಬಳ ಜಡೆಯಲ್ಲಿ ಸುಗಂಧರಾಜ, ಇನ್ನೊಬ್ಬಳ ತುರುಬಿನಲ್ಲಿ ಎರಡು ಗುಲಾಬಿ, ಹಿಂದಿನವಳ ಕೈಯಲ್ಲಿ ಆಸ್ಟರಿನ ಗೊಂಚಲು. ನಿಮ್ಮ ಅತ್ತೆ ದೇವರಂಥವರು ಎಂದು ಮೂವರೂ ನಗುತ್ತ ಹೇಳಿ ಹೋದರು.

ದೇವರಂಥವರು ಹೊರಕೋಣೆಯಲ್ಲಿ ಕೂತಿದ್ದರು. ಹೂದಾನಿ ಮತ್ತೆ ಟೀಪಾಯಿಯ ಮೇಲೆ ಬಂದಿತ್ತು. ಶ್ರಾವಣದಲ್ಲಿ ಹೂವನ್ನು ಬಚ್ಚಲಲ್ಲಿ ಇಡುವ ಅನಾಚಾರ ಎಲ್ಲಿ ಕಲಿತೆ ಎಂದು ನನ್ನನ್ನೇ ಬೈದರು. ಅದನ್ನು ಹೊರಗೆ ತಂದು, ಶುದ್ಧ ನೀರು ಚಿಮುಕಿಸಿ, ಮಡಿ ಮಾಡಿದ್ದರು. ಅಷ್ಟರಲ್ಲಿ ಈ ಮೂವರು ಬಂದಿದ್ದರು. ವಿಧವೆಯಾದ ತಾನು ಮುತ್ತೈದೆಯರ ಕೈಗೆ ಹೂವು ಕೊಡುವಂತಿಲ್ಲ. ಆದ್ದರಿಂದ ನೀವೇ ತೆಗೆದುಕೊಳ್ಳಿ ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿ ಕೂತರಂತೆ. ನೀವೇ ತೆಗೆದುಕೊಳ್ಳಿ ಅಂದರೆ ನಮ್ಮ ಬಿಲ್ಡಿಂಗಿನ ಹೆಂಗಸರು ಬಿಡುತ್ತಾರೆಯೇ. ಎಲೆಗಳ ನಡುವೆ ಒಂದೇ ಒಂದು ಗುಲಾಬಿ ಉಳಿದಿತ್ತು. ಅದೂ ಉಳಿದದ್ದು ಮುಳ್ಳು ಜಾಸ್ತಿ ಇದ್ದದ್ದರಿಂದ.

ನನಗೆ ಅಳು ಬಂತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಬಾಯಿ ತೆರೆದೆ, ಏನೋ ದೊಡ್ಡದನ್ನೇ ಹೇಳುವವಳಿದ್ದೆ, ಆ ಬಿಳಿ ಸೀರೆ ನೋಡಿ ಎಂದಿನಂತೆ ಅರ್ಧಕ್ಕೇ ನಿಂತಿತು. ಆಗಲೇ ಬಾಗಿಲಲ್ಲಿ ಕೊಡೆ ಮಡಚಿದ ಸದ್ದಾಯಿತು. ಮೋಹಿನಿಬಾಯಿ ಬಂದಿದ್ದರು. ಅತ್ತೆ ಎದ್ದು ಒಳಕೋಣೆಗೆ ಹೋದರು.

ಬಂದವರು ಹೂದಾನಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಒಂದೇ ಹೂವು ಇಡುವ ಹೊಸ ಫ್ಯಾಶನ್ ಏನಾದರೂ ಬಾಂದ್ರಾದಲ್ಲಿ ಬಂದಿರಬಹುದೇ ಎಂದು ನನ್ನ ಎದೆಯಲ್ಲಿ ಒಂದು ಸಣ್ಣ ಆಸೆ ಹುಟ್ಟಿತು.

"ಇದು ಅಲಂಕಾರ ಅಲ್ಲ, ಉಳಿದದ್ದು," ಎಂದರು.

ಆಸೆ ಅಲ್ಲಿಗೇ ಕೂತಿತು. ನಾನು ಸಾಸಿವೆಯಿಂದ ಶುರುಮಾಡಿ ಬಚ್ಚಲಿನ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಪಾಟಿನ ಪಂದ್ಯವನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಅವರು ನಗತೊಡಗಿದರು. ಗಡಿಯಾರದ ಕೈಯಲ್ಲೇ ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ಬಗ್ಗಿ ಗುಲಾಬಿಯ ಕಾಂಡವನ್ನು ಎತ್ತಿ ನೋಡಿದರು, ಹೂದಾನಿಯನ್ನು ಬೆಳಕಿಗೆ ಹಿಡಿದು ನೀರು ನೋಡಿದರು. ಅರ್ಧ ಅಂಕ ಜೋಡಣೆಗೆ, ಇನ್ನರ್ಧ ಹೂವನ್ನು ನೋಡಿಕೊಂಡ ರೀತಿಗೆ ಎಂದು ವಿವರಿಸಿದರು. ಅಲ್ಲಿಯ ತನಕ ನೋಡಿದ ಹೂದಾನಿಗಳಲ್ಲೆಲ್ಲ ಎಲೆ ಕೊಳೆತು ನೀರು ನಾರುತ್ತಿತ್ತಂತೆ. ಇಷ್ಟು ಶುದ್ಧವಾದ ನೀರು, ಇಷ್ಟು ನೀಟಾದ ಕೊಯ್ತ ಎಲ್ಲಿಯೂ ಇರಲಿಲ್ಲವಂತೆ.

"ಜೋಡಣೆಗೆ ನಿಮಗೆ ಸೊನ್ನೆ. ಇದಕ್ಕೆ ಪೂರ್ತಿ ಕೊಡ್ತೇನೆ. ಆದರೆ ಸಂಜೆ ಮಂಡಳಕ್ಕೆ ತರುವಾಗ ಹೂ ಒಂದಾದರೂ ಇರಬೇಕು. ಖಾಲಿ ಹೂದಾನಿಗೆ ನಾನು ಅಂಕ ಕೊಡ್ಲಿಕ್ಕೆ ಆಗುವುದಿಲ್ಲ."

ಅಂದರೆ ಆ ಮುಳ್ಳಿನ ಗುಲಾಬಿಯೊಂದು ಸಂಜೆಯ ತನಕ ಉಳಿದರೆ ಮೂಲೆ ನನ್ನದಾಗುವ ಆಸೆ ಇನ್ನೂ ಇತ್ತು. ನನಗೆ ಅವರ ಕಾಲಿಗೆ ಬೀಳಬೇಕು ಅನಿಸಿತು. ಅವರು ಕೊಡೆ ಎತ್ತಿಕೊಂಡು ಹೊರಟರು. ಹೊರಟದ್ದೇ, ಒಳಗಿನಿಂದ ಎಂದಿನ ಧ್ವನಿ, ಶರಣವ್ವಾ ಹೂವು ಕೊಟ್ಟು ಕಳಿಸು ಎಂದು.

ನೆಲ ಬಾಯಿ ಬಿಡಬಾರದೇ ಅನಿಸಿತು. ಕುಂಕುಮದ ಭರಣಿ ತಂದೆ. ಗುಲಾಬಿಯ ಕಡೆ ಕೈ ಹೋಗಲಿಲ್ಲ, ಹೋಗದೆ ಇರಲೂ ಇಲ್ಲ, ನಡುವೆಯೇ ನಿಂತಿತು. ಮೋಹಿನಿಬಾಯಿ ಒಂದು ಹೆಜ್ಜೆ ಹಿಂದೆ ಸರಿದರು.

"ನನಗೆ ಬೇಡಮ್ಮ. ನಮ್ಮ ಯಜಮಾನರು ಹೋಗಿ ತುಂಬ ವರ್ಷ ಆಯ್ತು. ನನಗೆ ಯಾರೂ ಹೂ ಕೊಡುವುದಿಲ್ಲ. ಮುಡಿಯಲಿಕ್ಕಿಲ್ಲ ಅಂತ ಆದ ಮೇಲೆ ನೀರಿನಲ್ಲಿ ಇಡ್ಲಿಕ್ಕೆ ಕಲಿತದ್ದು. ಹೂದಾನಿ ಏನೂ ಕೇಳುವುದಿಲ್ಲ."

ನಗುತ್ತಲೇ ಹೇಳಿದರು. ಆ ಖಾಲಿ ಹಣೆಯನ್ನು ಫ್ಯಾಶನ್ ಅಂದುಕೊಂಡದ್ದಕ್ಕೆ ನನ್ನ ಮುಖ ಬಿಸಿಯಾಯಿತು. ಅತ್ತೆ ಒಳಗಿನಿಂದ ಎದ್ದು ಹೊಸ್ತಿಲಿಗೆ ಬಂದು ನಿಂತಿದ್ದರು.

ನಿಜ ಹೇಳುತ್ತೇನೆ, ಮೊದಲು ನನಗೆ ಆದದ್ದು ಸಂತೋಷವೇ. ಬೆಳಗಿನಿಂದ ನನ್ನನ್ನು ದೋಚಿದ ಪದ್ಧತಿ ಈಗ ತಾನಾಗಿಯೇ ನನ್ನ ಗುಲಾಬಿಯನ್ನು ಕಾಪಾಡಿತ್ತು. ಅತ್ತೆಯೂ ಇನ್ನು ಕೊಡು ಅನ್ನುವಂತಿರಲಿಲ್ಲ. ಮೂಲೆ ಉಳಿಯಿತು ಅಂದುಕೊಂಡೆ. ಅಂದುಕೊಂಡ ಮರುಗಳಿಗೆಗೆ ಎಂಥದೋ ಸಿಟ್ಟು ಬಂತು. ತಲೆತುಂಬ ಹೂವಿದ್ದವರಿಗೆಲ್ಲ ಬೆಳಗಿನಿಂದ ಕೊಟ್ಟೆ. ಸಾಸಿವೆಗೆ ಬಂದವಳಿಗೆ ಕೊಟ್ಟೆ, ಮಾತು ಬಿಟ್ಟವಳಿಗೆ ಕೊಟ್ಟೆ. ಹೂವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕಲಿಸಿದವರೊಬ್ಬರನ್ನು ಮಾತ್ರ ಬರಿಗೈಯಲ್ಲಿ ಕಳಿಸಬೇಕಂತೆ. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗಲಿಲ್ಲ. ಗೊತ್ತಾಗುವ ತನಕ ಕಾಯುವ ಸ್ವಭಾವವೂ ನನ್ನದಲ್ಲ. ಗುಲಾಬಿಯನ್ನು ಎಳೆದು, ಸೆರಗಿನಿಂದ ಕಾಂಡ ಒರೆಸಿ, ಮುಳ್ಳು ಮುರಿದು ಅವರ ಕೈಯಲ್ಲಿಟ್ಟೆ.

ಅವರು ಹೂದಾನಿಯ ಕಡೆ ನೋಡಿದರು, ಸಂಜೆಯ ಮಾತು ನೆನಪಿಸಿದರು. ನೆನಪಿದೆ ಎಂದೆ. ಕೊಡೆಯನ್ನು ಗೋಡೆಗೆ ಒರಗಿಸಿದರು. ಗುಲಾಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದರು. ಕೊಡೆ ನಮ್ಮ ಮನೆಯಲ್ಲೇ ಉಳಿಯಿತು. ಅತ್ತೆ ಬಾಗಿಲ ತನಕ ಬಂದು ಅವರು ಕಾಣದಾಗುವ ತನಕ ನೋಡುತ್ತ ನಿಂತರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

ಸಂಜೆ ಬಹುಮಾನ ರಾಜೀವಿಗೆ ಬಂತು. ಅವಳ ಹೂದಾನಿಯಲ್ಲಿ ನನ್ನ ನೇರಳೆ ಆಸ್ಟರ್ ಎಲ್ಲಕ್ಕಿಂತ ಮುಂದೆ ನಿಂತಿತ್ತು. ಚಪ್ಪಾಳೆ ತಟ್ಟಿದೆ, ಜೋರಾಗಿಯೇ ತಟ್ಟಿದೆ. ಮನೆಗೆ ಬರುವಾಗ ಮಾತ್ರ ಕಾಲು ಎಳೆಯುತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ಒಂದು ಟೀಪಾಯಿಯಷ್ಟು ಜಾಗವನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ದುಃಖವಾಯಿತು.

ಕಪಾಟು ನನಗಿಂತ ಮೊದಲೇ ಬಂದಿತ್ತು. ಇಬ್ಬರು ಹಮಾಲರು ಅದನ್ನು ಬಾಗಿಲಲ್ಲಿ ಓರೆ ಮಾಡಿ ಹಿಡಿದು ಏದುಸಿರು ಬಿಡುತ್ತಿದ್ದರು. ನಮ್ಮ ಮನೆಯವರು ಒಳಗೆ ನಿಂತು ಒಮ್ಮೆ ಗೋಡೆಯನ್ನು, ಒಮ್ಮೆ ತಮ್ಮ ತಾಯಿಯನ್ನು ನೋಡುತ್ತಿದ್ದರು. ಅಂಬವ್ವನವರು ಟೀಪಾಯಿಯ ಪಕ್ಕ, ಕಿಟಕಿ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಮಗ ಎಷ್ಟು ಹೊತ್ತಿನಿಂದ ಏಳು ಅನ್ನುತ್ತಿದ್ದನೋ. ಹಮಾಲನೊಬ್ಬ ಮರಾಠಿಯಲ್ಲಿ, ಆಜೀ, ಭಾರ ಇದೆ, ಸ್ವಲ್ಪ ಸರಿಯಿರಿ ಎಂದು ಕೈಮುಗಿಯುವ ಧ್ವನಿಯಲ್ಲಿ ಬೇಡಿಕೊಂಡ.

"ಏಳೂದಿಲ್ಲ," ಎಂದರು ಅತ್ತೆ. "ಕಪಾಟು ಎಲ್ಲಿ ಬೇಕಾದಲ್ಲಿ ಇಟಗೋ. ಇಲ್ಲಿ ನಾಳೆ ಹೂವ ಬರ್ತಾವು. ಒಂದು ನಾನೂ ಇಡ್ತೀನಿ, ನನ್ನ ಕೈಲೆ."

ಪಂದ್ಯ ಆಗಿದೆ, ಮಾತು ಆಗಿದೆ ಎಂದು ಇವರು ಏನೇನೋ ಹೇಳಿನೋಡಿದರು. ಪಂದ್ಯ ಕಟ್ಟಿದ್ದು ನಿನ್ನ ಹೆಂಡತಿಯ ಜೊತೆ, ನನ್ನ ಜೊತೆ ಅಲ್ಲ ಎಂಬ ಉತ್ತರ ಬಂತು. ತಾಯಿಯನ್ನು ಕೈ ಹಿಡಿದು ಎಬ್ಬಿಸುವ ಧೈರ್ಯ ಅವರಿಗೆ ಇಲ್ಲ, ಅವರ ಅಪ್ಪನಿಗೂ ಇರಲಿಲ್ಲವಂತೆ. ಹಮಾಲರ ತೋಳು ನಡುಗತೊಡಗಿತ್ತು. ಕಡೆಗೆ ಕಪಾಟು ಇವರ ಆರಾಮ ಕುರ್ಚಿಯಿದ್ದ ಜಾಗಕ್ಕೆ ಹೋಯಿತು, ಆರಾಮ ಕುರ್ಚಿ ಬಾಗಿಲಾಚೆಯ ಗ್ಯಾಲರಿಗೆ ಹೋಯಿತು, ಕುರ್ಚಿಯ ಹಿಂದೆ ಇವರೂ ಗ್ಯಾಲರಿಗೆ ಹೋದರು. ನಾನು ನಗು ತಡೆಯಲು ಅಡುಗೆಯ ಕಡೆ ಓಡಿದೆ. ಅಲ್ಲಿ ಹೋದ ಮೇಲೆ ನಗುವಿನ ಬದಲು ಅಳುವೇ ಬಂತು.

ಮರುದಿನ ಬೆಳಿಗ್ಗೆ ನಾನು ಸುಗಂಧರಾಜ ತಂದೆ. ಅತ್ತೆ ಸ್ನಾನ ಮಾಡಿ ಬಂದು ಟೀಪಾಯಿಯ ಮುಂದೆ ಕೂತರು. ನೀರೊಳಗೆ ಹಿಡಿದು ಓರೆಯಾಗಿ ಕೊಯ್ಯುವುದನ್ನು ತೋರಿಸಿಕೊಟ್ಟೆ, ಒಂದು ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ಕೊಡುವಾಗ ನನ್ನ ಕೈಯೂ ಹಿಂಜರಿಯಲಿಲ್ಲ, ಅವರ ಕೈಯೂ ಹಿಂಜರಿಯಲಿಲ್ಲ. ಕೊಯ್ದರು. ಹೂದಾನಿಯಲ್ಲಿ ಇಡುವ ಮೊದಲು ತಡೆದರು. ದೇವರಿಗೆ ಏರಿಸುವ ಹೂವನ್ನು ಮೂಸಬಾರದು, ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಗಂಡ ಹೋದಂದಿನಿಂದ ಅವರ ಕೈಗೆ ಬಂದದ್ದೆಲ್ಲ ದೇವರ ಹೂವೇ. ಅತ್ತೆ ಒಮ್ಮೆ ನನ್ನ ಕಡೆ ನೋಡಿ, ಆ ಕಡ್ಡಿಯನ್ನು ಮೆಲ್ಲಗೆ ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಿಡಿದರು.

"ಹಿಂಗಿರತೈತೇನು ಇದರ ವಾಸನಿ," ಎಂದರು.